ಹಾಯಿದೋಣಿಯ ಚುಕ್ಕಾಣಿ ಚಕ್ರಕ್ಕೂ ಒಂದು ಬ್ರೇಕ್



ದೋಣಿಗೆ ಬ್ರೇಕ್ ಇದೆ ಎಂದು ನಾನು ಕ್ಲಾಸಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನವರು ನಕ್ಕರು. ನೀರಿನ ಮೇಲೆ ಬ್ರೇಕ್ ಹಾಕುವುದು ಹೇಗೆ ಎಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಹಾಯಿದೋಣಿಯನ್ನು ನಿಲ್ಲಿಸುವ ಬ್ರೇಕ್ ಎಲ್ಲಿಯೂ ಇಲ್ಲ. ನಿಲ್ಲಿಸಬೇಕಾದರೆ ದೋಣಿಯ ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಬೇಕು. ಆಗ ಹಾಯಿ ಪಟಪಟ ಹೊಡೆದುಕೊಂಡು ಶಕ್ತಿ ಕಳೆದುಕೊಳ್ಳುತ್ತದೆ, ದೋಣಿ ನಿಧಾನವಾಗುತ್ತದೆ. ನಾನು ಈ ಲೇಖನದಲ್ಲಿ ಹೇಳುವ ಬ್ರೇಕ್ ದೋಣಿಗೆ ಹಾಕುವುದಲ್ಲ, ದೋಣಿಯನ್ನು ತಿರುಗಿಸುವ ಚಕ್ರಕ್ಕೆ ಹಾಕುವುದು.

ನನ್ನ ಮಾಮೂ ಗೋವಾದಲ್ಲಿ ದೋಣಿ ರಿಪೇರಿ ಮಾಡುವ ಯಾರ್ಡ್ ಒಂದರಲ್ಲಿ 16 ವರ್ಷದಿಂದ ಮೆಕ್ಯಾನಿಕ್. ಓದಿದ್ದು ಏಳನೇ ತರಗತಿ. ದಸರಾ ರಜೆಯಲ್ಲಿ ನಾನು ಐದು ದಿನ ಅವರ ಜೊತೆ ಇದ್ದೆ. ಟಾರ್ಚ್ ಹಿಡಿಯುವುದು, ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಯಲ್ಲಿ ಹಾಕುವುದು, ನೋಟ್‌ಬುಕ್‌ನಲ್ಲಿ ಬರೆಯುವುದು ನನ್ನ ಕೆಲಸ. ಆ ನೋಟ್‌ಬುಕ್‌ನಿಂದ ಈ ಪಾಠ.

ಮೊದಲು ಹೆಸರುಗಳ ವಿಷಯ. ನಮ್ಮ ಮನೆಮಾತು ಉರ್ದು, ಮಾಮೂ ಯಾರ್ಡಿನಲ್ಲಿ ಆಡುವುದು ಕೊಂಕಣಿ, ಭಾಗಗಳ ಹೆಸರೆಲ್ಲ ಇಂಗ್ಲಿಷ್. ಕನ್ನಡದಲ್ಲಿ ಹೇಗೆ ಬರೆಯುವುದು ಎಂದು ನಾನು ಯೋಚಿಸುತ್ತಿದ್ದಾಗ ಒಂದು ಪದ ತಾನಾಗಿ ಸಿಕ್ಕಿತು. ಮಾಮೂ ‘ಸುಕಾನ್’ ಎನ್ನುವುದನ್ನು ನಾವು ಚುಕ್ಕಾಣಿ ಎನ್ನುತ್ತೇವೆ, ಮರಾಠಿಯವರು ಸುಕಾಣೂ ಎನ್ನುತ್ತಾರೆ, ತಮಿಳಿನವರು ಸುಕ್ಕಾನ್. ಅರಬ್ಬಿಯಲ್ಲೂ ಸುಕ್ಕಾನ್ ಎಂದರೆ ಇದೇ. ಈ ಪದ ಹಡಗಿನಲ್ಲಿಯೇ ಊರೂರು ಸುತ್ತಿರಬೇಕು. ಉಳಿದ ಭಾಗಗಳಿಗೆ ನಾನು ಯಾರ್ಡಿನ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ. ಶಾಫ್ಟ್‌ಗೆ ಹೊಸ ಕನ್ನಡ ಪದ ಹುಡುಕಿದರೆ ಮೆಕ್ಯಾನಿಕ್‌ಗೂ ಅರ್ಥವಾಗುವುದಿಲ್ಲ, ನಮಗೂ ಅರ್ಥವಾಗುವುದಿಲ್ಲ.

ಚಿಕ್ಕ ಹಾಯಿದೋಣಿಗಳಲ್ಲಿ ಚುಕ್ಕಾಣಿಗೆ ಒಂದು ಉದ್ದ ಹಿಡಿಕೆ ಮಾತ್ರ ಇರುತ್ತದೆ. ಸುಮಾರು 30 ಅಡಿ ಮೀರಿದ ದೋಣಿಗಳಲ್ಲಿ ಹೆಚ್ಚಾಗಿ ಕಾರಿನ ಸ್ಟಿಯರಿಂಗ್‌ಗಿಂತ ದೊಡ್ಡದಾದ ಸ್ಟೀಲ್ ಚಕ್ರ ಇರುತ್ತದೆ. ಸೊಂಟದೆತ್ತರದ ಒಂದು ಟೊಳ್ಳು ಕಂಬದ ಮೇಲೆ ಈ ಚಕ್ರ ಕೂರುತ್ತದೆ. ಚಕ್ರದ ಶಾಫ್ಟ್ ಕಂಬದೊಳಗೆ ಹೋಗುತ್ತದೆ. ಅಲ್ಲಿ ಅದರ ಮೇಲೆ ಸೈಕಲ್ಲಿನದರಂಥ ಹಲ್ಲಿನ ಗಾಲಿ, ಅದರ ಮೇಲೆ ಚೈನ್. ಚೈನಿನ ಎರಡು ತುದಿಗಳಿಗೂ ಸ್ಟೀಲ್ ವಯರ್ ಹಗ್ಗ ಕಟ್ಟಿರುತ್ತದೆ. ವಯರ್ ಕಂಬದ ಒಳಗಿನಿಂದ ಕೆಳಗಿಳಿದು, ರಾಟೆಗಳನ್ನು ಸುತ್ತಿ, ಚುಕ್ಕಾಣಿಯ ನೆತ್ತಿಗೆ ಕೂರಿಸಿದ ಅರ್ಧಚಂದ್ರಾಕಾರದ ಕ್ವಾಡ್ರಂಟ್‌ಗೆ ಸೇರುತ್ತದೆ. ಚಕ್ರ ತಿರುಗಿದರೆ ಚೈನ್ ಎಳೆಯುತ್ತದೆ, ವಯರ್ ಎಳೆಯುತ್ತದೆ, ಚುಕ್ಕಾಣಿ ತಿರುಗುತ್ತದೆ.

ಇದು ಎರಡೂ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಿ. ಅಲೆ ಚುಕ್ಕಾಣಿಗೆ ಬಡಿದರೆ ಚಕ್ರವೂ ತಾನಾಗಿ ತಿರುಗುತ್ತದೆ. ಲಂಗರು ಹಾಕಿ ನಿಂತ ದೋಣಿಯಲ್ಲಿ ರಾತ್ರಿಯಿಡೀ ಚುಕ್ಕಾಣಿ ಅತ್ತ ಇತ್ತ ಬಡಿದುಕೊಂಡರೆ ರಾಟೆ, ವಯರ್, ಬೇರಿಂಗ್ ಎಲ್ಲ ಸವೆಯುತ್ತವೆ. ಅದಕ್ಕಾಗಿಯೇ ಬ್ರೇಕ್. ಕಂಬದ ಪಕ್ಕದಲ್ಲಿ ಒಂದು ನಾಬ್ ಇರುತ್ತದೆ. ಅದನ್ನು ತಿರುಗಿಸಿದರೆ ಥ್ರೆಡ್ ಇರುವ ರಾಡ್ ಎರಡು ಪ್ಯಾಡ್‌ಗಳನ್ನು ಹತ್ತಿರ ಎಳೆಯುತ್ತದೆ, ಅವು ಶಾಫ್ಟನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತವೆ. ನಾಬ್ ಸಡಿಲಿಸಿದರೆ ಮಧ್ಯದ ಸ್ಪ್ರಿಂಗ್ ಪ್ಯಾಡ್‌ಗಳನ್ನು ದೂರ ತಳ್ಳುತ್ತದೆ. ಒಬ್ಬನೇ ಇದ್ದಾಗ ಹಾಯಿಯ ಹಗ್ಗ ಎಳೆಯಲು ಅರ್ಧ ನಿಮಿಷ ಕೈ ಬಿಡಬೇಕಾದರೂ ಈ ಬ್ರೇಕ್ ಬೇಕು. ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟಿನವರು ಚಕ್ರಕ್ಕೆ ಹಗ್ಗ ಸುತ್ತಿ ಕಟ್ಟಿಡುವುದನ್ನು ನಾನು ನೋಡಿದ್ದೇನೆ. ಕೆಲಸ ಅದೇ.

ಯಾರ್ಡಿಗೆ ಬಂದಿದ್ದ ದೋಣಿ ಪ್ರವಾಸಿಗರನ್ನು ಸಂಜೆ ಹೊತ್ತು ಮಾಂಡವಿ ನದಿಯ ಅಳಿವೆಯವರೆಗೆ ಕರೆದೊಯ್ಯುವ ಬಾಡಿಗೆ ದೋಣಿ. ಮಳೆಗಾಲವಿಡೀ ದಡದಲ್ಲಿತ್ತು. ದಸರಾ ಕಳೆದು ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ನೀರಿಗಿಳಿಸಬೇಕು. ಅದು ತಪ್ಪಿದರೆ ಮುಂದಿನ ದೊಡ್ಡ ಉಬ್ಬರಕ್ಕೆ ಎರಡು ವಾರ ಕಾಯಬೇಕು, ಎರಡು ವಾರದ ಬಾಡಿಗೆ ಹೋಯಿತು. ಮಾಲೀಕರ ದೂರು ಇಷ್ಟೇ: “ಬ್ರೇಕ್ ಹಿಡಿಯುತ್ತಿಲ್ಲ, ಸ್ವಲ್ಪ ಟೈಟ್ ಮಾಡಿ ಕೊಡಿ.” ಮಾಮೂ ನಾಬ್ ಹಿಡಿದು ನೋಡಿದರು. ಅದರ ಮೇಲೆ ಪ್ಲಯರ್ ಹಲ್ಲಿನ ಗುರುತುಗಳಿದ್ದವು. ಕೈಯಿಂದ ತಿರುಗಿಸಬೇಕಾದ ನಾಬನ್ನು ಯಾರೋ ಪ್ಲಯರ್ ಹಾಕಿ ಬಿಗಿದಿದ್ದಾರೆ ಎಂದರ್ಥ. “ಇನ್ನಷ್ಟು ಟೈಟ್ ಮಾಡಿದರೆ ಈಗಲೇ ಕೊಡಬಹುದು, ಆದರೆ ನಾನು ಕೊಡುವುದಿಲ್ಲ” ಎಂದರು ಮಾಮೂ. ಅವರು ಏಕೆ ಹಾಗೆಂದರು ಎಂಬುದು ನನಗೆ ಅಂದು ರಾತ್ರಿ ಲೆಕ್ಕ ಹಾಕಿದಾಗ ಸ್ಪಷ್ಟವಾಯಿತು. ಲೆಕ್ಕ ಸುಲಭ, ನೀವೂ ನೋಡಿ.

ಚಕ್ರದ ವ್ಯಾಸ 75 ಸೆಂ.ಮೀ. ಎಂದಿಟ್ಟುಕೊಳ್ಳಿ. ಶಾಫ್ಟ್‌ನ ವ್ಯಾಸ 2.5 ಸೆಂ.ಮೀ. ಅಂದರೆ ಚಕ್ರ 30 ಪಟ್ಟು ದೊಡ್ಡದು. ಚಕ್ರದ ಅಂಚಿನಲ್ಲಿ ನಾವು 6 ಕೆ.ಜಿ. ಬಲದಿಂದ ಎಳೆದರೆ ಅದು ಶಾಫ್ಟ್‌ನ ಮೈಮೇಲೆ 180 ಕೆ.ಜಿ. ಬಲಕ್ಕೆ ಸಮ. ಬ್ರೇಕ್ ಹಾಕಿದಾಗ 6 ಕೆ.ಜಿ. ಎಳೆತದವರೆಗೆ ಚಕ್ರ ಅಲುಗಬಾರದು ಎಂದಾದರೆ ಪ್ಯಾಡ್‌ಗಳು 180 ಕೆ.ಜಿ.ಯಷ್ಟು ಘರ್ಷಣೆ ಕೊಡಬೇಕು. ಒಣಗಿದ ಪ್ಯಾಡಿನ ಘರ್ಷಣಾಂಕ 0.4 ಎಂದು ಹಿಡಿದರೆ ಎರಡೂ ಪ್ಯಾಡ್ ಸೇರಿ 450 ಕೆ.ಜಿ., ಅಂದರೆ ಒಂದೊಂದು 225 ಕೆ.ಜಿ. ಒತ್ತಬೇಕು. ಈಗ ಪ್ಯಾಡಿಗೆ ಎಣ್ಣೆ ತಾಗಿ ಘರ್ಷಣಾಂಕ 0.1ಕ್ಕೆ ಇಳಿಯಿತು ಎನ್ನಿ. ಅದೇ ಒತ್ತಡಕ್ಕೆ ಚಕ್ರದ ಅಂಚಿನಲ್ಲಿ ಸಿಗುವ ಹಿಡಿತ ಒಂದೂವರೆ ಕೆ.ಜಿ. ಮಾತ್ರ. ಚಿಕ್ಕ ಮಗುವೂ ತಿರುಗಿಸಬಹುದು. ಹಳೆಯ ಹಿಡಿತ ಮತ್ತೆ ಬರಬೇಕಾದರೆ ಪ್ರತಿ ಪ್ಯಾಡ್ 900 ಕೆ.ಜಿ. ಒತ್ತಬೇಕು. ಇದು ಬೆರಳಿನಿಂದ ಆಗದು, ಪ್ಲಯರ್ ಬರುತ್ತದೆ. ಪ್ಲಯರ್ ಬಂದರೆ ಥ್ರೆಡ್ ಹಾಳಾಗುತ್ತದೆ. (ಘರ್ಷಣಾಂಕದ ಈ ಎರಡು ಸಂಖ್ಯೆಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ಸೈನ್ಸ್ ವಿಭಾಗದ ಗೆಳತಿಯೊಬ್ಬಳು ಈ ಪ್ಯಾರಾವನ್ನು ಓದಿ ಸರಿ ಎಂದಿದ್ದಾಳೆ.)

ಇದರಲ್ಲಿ ಇನ್ನೊಂದು ಮಾತು ಅಡಗಿದೆ. 6 ಕೆ.ಜಿ.ವರೆಗೆ ಹಿಡಿಯುವ ಬ್ರೇಕನ್ನು ದೊಡ್ಡವರೊಬ್ಬರು ಎರಡೂ ಕೈಯಿಂದ ಎಳೆದು ಮೀರಬಹುದು. ಅದು ಬ್ರೇಕಿನ ದೋಷವಲ್ಲ, ಹಾಗೆಯೇ ಇರಬೇಕು. ಮಾಂಡವಿಯ ಬಾಯಿಯಲ್ಲಿ ಅಗ್ವಾದದ ಬಳಿ ಮರಳಿನ ದಿಬ್ಬವಿದೆ. ಅಲ್ಲಿ ಗಾಳಿ ಥಟ್ಟನೆ ದಿಕ್ಕು ಬದಲಿಸಿದರೆ, ಅಥವಾ ಎದುರಿಗೆ ಮೀನಿನ ದೋಣಿ ಬಂದರೆ, ಚಕ್ರವನ್ನು ಆ ಕ್ಷಣವೇ ತಿರುಗಿಸಬೇಕು. ಬ್ರೇಕ್ ಪ್ಲಯರಿನಿಂದ ಬಿಗಿದಿದ್ದರೆ ಬಿಡಿಸಲು ಮೊದಲು ಪ್ಲಯರ್ ಹುಡುಕಬೇಕು. ಮಾಮೂಗೆ ಹಿಡಿಯದ ಬ್ರೇಕಿಗಿಂತ ಬಿಡದ ಬ್ರೇಕಿನ ಭಯ ಹೆಚ್ಚು. ಹಿಡಿಯದಿದ್ದರೆ ಒಬ್ಬರು ಚಕ್ರ ಹಿಡಿದು ನಿಂತರಾಯಿತು. ಬಿಡದಿದ್ದರೆ ದೋಣಿಯಲ್ಲಿರುವ ಹತ್ತು ಹನ್ನೆರಡು ಜನ ಏನೂ ಮಾಡುವಂತಿಲ್ಲ.

ಇನ್ನು ಬಿಚ್ಚುವ ಕೆಲಸ. ಕಂಬದ ನೆತ್ತಿಯಲ್ಲಿ ದಿಕ್ಸೂಚಿ ಇರುತ್ತದೆ. ಅದನ್ನು ತೆಗೆಯುವ ಮೊದಲು ಕಂಬಕ್ಕೂ ದಿಕ್ಸೂಚಿಗೂ ಸೇರಿ ಟೇಪ್ ಅಂಟಿಸಿ ಗೆರೆ ಹಾಕಬೇಕು, ಮತ್ತೆ ಕೂರಿಸುವಾಗ ಆ ಗೆರೆ ಕೂಡಬೇಕು. ಸ್ವಲ್ಪ ತಿರುಗಿ ಕುಳಿತರೂ ಅದು ತೋರಿಸುವ ದಿಕ್ಕೆಲ್ಲ ತಪ್ಪು. ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಹಳೆ ಬಟ್ಟೆಯೊಂದನ್ನು ಉಂಡೆ ಮಾಡಿ ಕಂಬದೊಳಗೆ, ಶಾಫ್ಟ್‌ನ ಕೆಳಗೆ ತುರುಕಬೇಕು. ಇದನ್ನು ಮಾಮೂ ಎರಡು ಸಲ ಹೇಳಿದರು. ಕೈ ತಪ್ಪಿದ ಒಂದು ವಾಷರ್ ಕಂಬದೊಳಗಿನಿಂದ ದೋಣಿಯ ತಳಕ್ಕೆ ಹೋದರೆ ಅದನ್ನು ಹುಡುಕಲು ಅರ್ಧ ದಿನ ಬೇಕು. ಅದು ರಾಟೆಯ ನಡುವೆ ಸಿಕ್ಕಿಕೊಂಡರಂತೂ ಚುಕ್ಕಾಣಿಯೇ ನಿಲ್ಲುತ್ತದೆ. ಕಂಬ ಅಲ್ಯೂಮಿನಿಯಂ, ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲ್. ಈ ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸ್ಕ್ರೂವನ್ನು ಕಚ್ಚಿ ಹಿಡಿಯುತ್ತದೆ. ಬಲ ಹಾಕಿದರೆ ಸ್ಕ್ರೂವಿನ ತಲೆ ಹಾರಿಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟು ಬೆಳಿಗ್ಗೆ ತಿರುಗಿಸಬೇಕು. ನಮ್ಮ ಮೊದಲ ದಿನ ಹೀಗೇ ಮುಗಿಯಿತು.

ಮರುದಿನ ಒಳಗೆ ಟಾರ್ಚ್ ಬಿಟ್ಟಾಗ ಕಾರಣ ಕಂಡಿತು. ಚೈನಿನ ಮೇಲೆ ಹಳದಿ ಗ್ರೀಸನ್ನು ಬೆಣ್ಣೆಯಂತೆ ಮೆತ್ತಿದ್ದರು. ಏಪ್ರಿಲ್ ಮೇ ಬಿಸಿಲಿಗೆ ಅದು ಕರಗಿ ಶಾಫ್ಟ್ ಮೇಲೆ ಹರಿದು ಪ್ಯಾಡ್‌ಗಳಿಗೆ ಇಳಿದಿತ್ತು. ಚೈನ್ ಮತ್ತು ಬ್ರೇಕ್ ಒಂದೇ ಶಾಫ್ಟ್‌ನಲ್ಲಿ ಅಂಗೈ ಅಗಲದ ದೂರದಲ್ಲಿರುತ್ತವೆ. ಒಂದಕ್ಕೆ ಎಣ್ಣೆ ಬೇಕು, ಇನ್ನೊಂದಕ್ಕೆ ಎಣ್ಣೆ ತಾಗಲೇಬಾರದು. ಚೈನಿಗೆ ಗ್ರೀಸ್ ಹಾಕುವುದೇ ತಪ್ಪು ಪದ್ಧತಿಯಂತೆ. ಗ್ರೀಸ್ ಹೊರಗೇ ನಿಲ್ಲುತ್ತದೆ, ಕೊಂಡಿಗಳ ಪಿನ್ನಿನೊಳಗೆ ಇಳಿಯುವುದಿಲ್ಲ, ಮೇಲಿಂದ ಧೂಳನ್ನೂ ಉಪ್ಪನ್ನೂ ಹಿಡಿದುಕೊಳ್ಳುತ್ತದೆ. ಎಸ್‌ಎಇ 30 ಎಂಜಿನ್ ಆಯಿಲನ್ನು ಕೆಲವು ಹನಿ ಹಾಕಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದರೆ ಸಾಕು.

ಪ್ಯಾಡ್‌ಗಳನ್ನು ಹೊರತೆಗೆದಾಗ ಮಾಮೂ ಮೊದಲು ಅವನ್ನು ಒದ್ದೆ ಮಾಡಿದರು, ಮೂಗಿಗೆ ಮಾಸ್ಕ್ ಕಟ್ಟಿದರು, ನನಗೂ ಕಟ್ಟಿಸಿದರು. ಹಳೆಯ ದೋಣಿಗಳ ಬ್ರೇಕ್ ಲೈನಿಂಗ್‌ನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕಾಯಿಲೆ ತರುತ್ತದೆ. ಆದ್ದರಿಂದ ಇಂಥ ಧೂಳನ್ನು ಊದಬಾರದು, ಒಣಗಿದ ಬ್ರಷ್‌ನಿಂದ ಉಜ್ಜಬಾರದು.

ಪ್ಯಾಡ್ ಒಂದು ಲೋಹದ ಹಿಂಬದಿ, ಅದರ ಮೇಲೆ ಅಂಟಿಸಿದ ಲೈನಿಂಗ್. ಹಿಂಬದಿ ಚೆನ್ನಾಗಿತ್ತು. ಲೈನಿಂಗ್ ದಪ್ಪವೂ ಉಳಿದಿತ್ತು, ಆದರೆ ಎಣ್ಣೆ ಕುಡಿದಿತ್ತು. ಮೇಲೆ ಸ್ಪಿರಿಟ್ ಹಚ್ಚಿ ಒರೆಸಿದರೆ ಒಣಗಿದಂತೆ ಕಾಣುತ್ತದೆ, ಬಿಸಿಲು ತಾಗಿದಾಗ ಒಳಗಿನ ಎಣ್ಣೆ ಮತ್ತೆ ಬೆವರುತ್ತದೆ. ಬದಲಾಯಿಸಬೇಕು. ಕಂಪನಿಯ ಹೊಸ ಪ್ಯಾಡ್ ಹೊರದೇಶದಿಂದ ಬರಬೇಕು, ಹುಣ್ಣಿಮೆಗೆ ಬರುವುದಿಲ್ಲ. ಮಾಮೂ ಫೋಂಡಾದಲ್ಲಿ ಲಾರಿಗಳಿಗೆ ಬ್ರೇಕ್ ಲೈನಿಂಗ್ ಹಾಕುವ ಅಂಗಡಿಗೆ ಹೋದರು. ಜುಗಾಡ್ ಎಂದು ನಗಬೇಡಿ. ಅಲ್ಲಿ ಅವರು ಅರ್ಧ ಗಂಟೆ ನಿಂತು ಆರಿಸಿದರು. ಉಕ್ಕಿನ ತಂತಿ ಬೆರೆತ ಲೈನಿಂಗ್ ಬೇಡ, ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ. ರಿವೆಟ್ ತಾಮ್ರದ್ದಾಗಿರಬೇಕು, ಅದರ ತಲೆ ಲೈನಿಂಗ್‌ನ ಮಟ್ಟಕ್ಕಿಂತ ಕೆಳಗೆ ಇಳಿದಿರಬೇಕು, ಇಲ್ಲವಾದರೆ ಶಾಫ್ಟನ್ನು ಗೀರುತ್ತದೆ.

ಹೊಸ ಲೈನಿಂಗ್ ಹಾಕಿದ ಮಾತ್ರಕ್ಕೆ ಮುಗಿಯಲಿಲ್ಲ. ಶಾಫ್ಟ್ ದುಂಡಗಿದೆ, ಪ್ಯಾಡ್ ಅದರ ಮೈಗೆ ಸರಿಯಾಗಿ ಕೂಡಬೇಕು. ಶಾಫ್ಟ್‌ನಷ್ಟೇ ದಪ್ಪದ ಪೈಪಿಗೆ ಮರಳು ಕಾಗದ ಸುತ್ತಿ, ಪ್ಯಾಡನ್ನು ಅದರ ಮೇಲೆ ನಿಧಾನವಾಗಿ ಉಜ್ಜಿದರು. ಮಧ್ಯೆ ಮಧ್ಯೆ ಶಾಫ್ಟ್‌ಗೆ ಸೀಮೆಸುಣ್ಣ ಹಚ್ಚಿ ಪ್ಯಾಡ್ ಒತ್ತಿ ನೋಡಿದರು. ಸುಣ್ಣ ಎಲ್ಲಿ ಹತ್ತಿತೋ ಅಲ್ಲಿ ಮಾತ್ರ ಹಿಡಿತ. ಮೊದಲ ಸಲ ಎರಡು ಅಂಚುಗಳಿಗೆ ಮಾತ್ರ ಹತ್ತಿತು. ಎಂಟೋ ಒಂಬತ್ತೋ ಸಲ ಉಜ್ಜಿದ ಮೇಲೆ ಪೂರ್ತಿ ಬಿಳಿಯಾಯಿತು. ಇಡೀ ರಿಪೇರಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು, ನೋಡುವಾಗ ಬೇಸರ ಬಂದದ್ದೂ ಇದೇ. ಬಿಗಿದಾಗ ಎರಡು ಪ್ಯಾಡ್‌ಗಳ ತುದಿಗಳ ನಡುವೆ ಸ್ವಲ್ಪ ಸಂದು ಉಳಿಯಬೇಕು ಎಂಬುದನ್ನೂ ನೋಡಬೇಕು. ಪ್ಯಾಡ್‌ಗಳು ಒಂದಕ್ಕೊಂದು ತಾಗಿಬಿಟ್ಟರೆ ನಾಬ್ ಎಷ್ಟೇ ಬಿಗಿದರೂ ಒತ್ತಡ ಶಾಫ್ಟ್‌ಗೆ ಹೋಗುವುದಿಲ್ಲ. ಸವೆದ ಪ್ಯಾಡ್‌ಗಳಲ್ಲಿ ಆಗುವುದು ಇದೇ.

ಶಾಫ್ಟನ್ನು ಸ್ಪಿರಿಟ್‌ನಿಂದ ನಾಲ್ಕು ಸಲ ಒರೆಸಿದರು, ಪ್ರತಿ ಸಲ ಹೊಸ ಬಟ್ಟೆ. ಕೊನೆಯ ಬಟ್ಟೆ ಬಿಳಿಯಾಗಿಯೇ ಉಳಿಯಬೇಕು. ರಾಡಿನ ಥ್ರೆಡ್ ಪ್ಲಯರಿನ ಬಲಕ್ಕೆ ಹಿಗ್ಗಿಹೋಗಿತ್ತು. ಲೇತ್ ಅಂಗಡಿಯಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಹೊಸದು ಮಾಡಿಸಿದರು. ಹತ್ತಿರದಲ್ಲೇ ದಿಕ್ಸೂಚಿ ಇರುವುದರಿಂದ ಸಾಮಾನ್ಯ ಕಬ್ಬಿಣ ನಡೆಯುವುದಿಲ್ಲ, ಅದು ಮುಳ್ಳನ್ನು ಎಳೆಯುತ್ತದೆ. ಹಳೆಯ ಸ್ಪ್ರಿಂಗ್ ಸರಿ ಇತ್ತು.

ಕಂಬ ಬಿಚ್ಚಿದ್ದಾಗ ಕೆಳಗಿನ ವಯರನ್ನೂ ನೋಡಿಬಿಡಬೇಕು. ಅದರ ಮೇಲೆ ಬರಿಗೈ ಆಡಿಸಬೇಡಿ. ಟಿಶ್ಯೂ ಕಾಗದ ಸುತ್ತಿ ಎಳೆಯಿರಿ. ಒಂದು ಎಳೆ ತುಂಡಾಗಿದ್ದರೂ ಕಾಗದ ಅಲ್ಲಿ ಸಿಕ್ಕಿ ಹರಿಯುತ್ತದೆ. ವಯರ್ ಎಷ್ಟು ಬಿಗಿಯಿರಬೇಕು ಎಂಬುದಕ್ಕೆ ಪರೀಕ್ಷೆ ಇದು: ಚಕ್ರವನ್ನು ಹಗ್ಗದಿಂದ ಕಟ್ಟಿ ನಿಲ್ಲಿಸಿ, ಕೆಳಗೆ ಹೋಗಿ ಕ್ವಾಡ್ರಂಟನ್ನು ಕೈಯಿಂದ ಅಲುಗಿಸಲು ನೋಡಿ. ಅಲುಗಿದರೆ ವಯರ್ ಸಡಿಲ. ಅಲುಗದಿದ್ದರೆ ಸಾಕು, ಅದಕ್ಕಿಂತ ಬಿಗಿದರೆ ಚಕ್ರ ಭಾರವಾಗುತ್ತದೆ.

ಚುಕ್ಕಾಣಿ ಕೈಕೊಟ್ಟರೆ ಏನಾಗುತ್ತದೆ ಎಂದು ಕೇಳಿದಾಗ ಮಾಮೂ ಐಎನ್‌ಎಸ್‌ವಿ ತಾರಿಣಿಯ ಕಥೆ ಹೇಳಿದರು. ಗೋವಾದ ದಿವಾಡಿಯಲ್ಲಿ ಕಟ್ಟಿದ ದೋಣಿ ಅದು. ಲೆಫ್ಟಿನೆಂಟ್ ಕಮಾಂಡರ್ ವರ್ತಿಕಾ ಜೋಶಿ ಅವರ ನಾಯಕತ್ವದಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟು, ಪ್ರಪಂಚ ಸುತ್ತಿ, 2018ರ ಮೇ 21ರಂದು ಮರಳಿದರು. ಕೊನೆಯ ಹಂತದಲ್ಲಿ, ಏಪ್ರಿಲ್‌ನಲ್ಲಿ, ಸ್ಟಿಯರಿಂಗ್ ತೊಂದರೆಯಾಗಿ ಯೋಜನೆಯಲ್ಲಿಲ್ಲದಿದ್ದರೂ ಮಾರಿಷಸ್‌ನ ಪೋರ್ಟ್ ಲೂಯಿಯಲ್ಲಿ ನಿಂತು ರಿಪೇರಿ ಮಾಡಿಸಬೇಕಾಯಿತು. ಅಂಥ ದೋಣಿಗೇ ಹಾಗಾದರೆ ಬಾಡಿಗೆ ದೋಣಿಯ ಮಾತೇನು ಎಂಬುದು ಮಾಮೂ ವಾದ.

ಕಾಮರ್ಸ್‌ನವರಿಗಾಗಿ ಒಂದು ಪ್ಯಾರಾ. ಲೈನಿಂಗ್‌ಗೆ 450 ರೂಪಾಯಿ, ಲೇತ್ ಅಂಗಡಿಗೆ 700, ಸ್ಪಿರಿಟ್, ಮರಳು ಕಾಗದ, ವಾಷರ್ ಇತ್ಯಾದಿಗೆ 260. ಒಟ್ಟು 1,410 ರೂಪಾಯಿ, ಮಜೂರಿ ಬೇರೆ. ಇದು ಕ್ಯಾಪಿಟಲ್ ಖರ್ಚೋ ರೆವಿನ್ಯೂ ಖರ್ಚೋ? ದೋಣಿ ಮೊದಲಿದ್ದ ಸ್ಥಿತಿಗೆ ಬಂತು, ಅದರ ಸಾಮರ್ಥ್ಯ ಹೆಚ್ಚಲಿಲ್ಲ. ಆದ್ದರಿಂದ ರೆವಿನ್ಯೂ, ಈ ವರ್ಷದ ಲಾಭ ನಷ್ಟದ ಖಾತೆಗೇ ಹೋಗಬೇಕು. ಹಳೆಯ ಕಂಬ ಕಿತ್ತು ಇನ್ನೂ ಉತ್ತಮವಾದ ಹೊಸ ಕಂಬ ಹಾಕಿಸಿ ದೋಣಿಯ ಆಯಸ್ಸು ಹೆಚ್ಚಿದ್ದರೆ ಕ್ಯಾಪಿಟಲ್ ಆಗುತ್ತಿತ್ತು, ಅದರ ಮೇಲೆ ಡೆಪ್ರಿಸಿಯೇಶನ್ ಹಾಕಬೇಕಿತ್ತು. ಪ್ರಥಮ ಪಿಯುಸಿಯಲ್ಲಿ ಯಂತ್ರದ ಬಿಡಿಭಾಗ ಎಂದು ಬಾಯಿಪಾಠ ಮಾಡಿದ ಉದಾಹರಣೆಗಿಂತ ನನಗೆ ಇದು ಚೆನ್ನಾಗಿ ನೆನಪಿನಲ್ಲಿ ಉಳಿದಿದೆ. ಮಾಮೂ ಇದಕ್ಕೆಲ್ಲ ತಲೆ ಹಾಕುವುದಿಲ್ಲ. ಅವರ ಬಿಲ್ಲಿನಲ್ಲಿ ಇದ್ದದ್ದು ‘ಬ್ರೇಕ್ ಕಾಮ್’ ಎಂದಷ್ಟೇ. ನಾನು ಐಟಂಗಳನ್ನು ಬೇರೆ ಬೇರೆ ಬರೆದು ಕೊಟ್ಟೆ. ಮಾಲೀಕರು ಈ ಸಲ ಚೌಕಾಸಿ ಮಾಡಲಿಲ್ಲ ಎಂದು ಆಮೇಲೆ ಫೋನಿನಲ್ಲಿ ಹೇಳಿದರು.

ಹುಣ್ಣಿಮೆಗೆ ಎರಡು ದಿನ ಮೊದಲು ಪರೀಕ್ಷೆ. ಬ್ರೇಕ್ ಪೂರ್ತಿ ಬಿಟ್ಟು ಚಕ್ರವನ್ನು ಈ ತುದಿಯಿಂದ ಆ ತುದಿಯವರೆಗೆ ಒಂದು ಬೆರಳಿನಿಂದ ತಿರುಗಿಸಿದರು. ಎಲ್ಲೂ ಉಜ್ಜುವ ಸದ್ದಿಲ್ಲ. ಆಮೇಲೆ ನಾಬನ್ನು ಬೆರಳುಗಳಿಂದ ಮಾತ್ರ ಬಿಗಿದು, “ಬೇಟಾ, ಈಗ ನೀನು ಎಳೆ” ಎಂದರು. ಒಂದು ಕೈಯಿಂದ ಎಳೆದೆ, ಅಲುಗಲಿಲ್ಲ. ಎರಡೂ ಕೈ ಹಾಕಿ ಮೈಭಾರ ಬಿಟ್ಟಾಗ ಚಕ್ರ ನಿಧಾನವಾಗಿ, ಜರ್ಕ್ ಇಲ್ಲದೆ ತಿರುಗಿತು. ಮಾಮೂ ತಲೆಯಾಡಿಸಿದರು. ದೋಣಿ ಓಡಿಸುವ ಹುಡುಗನನ್ನು ಕರೆದು ಮೂರು ಮಾತು ಹೇಳಿದರು. ಎಂಜಿನ್ ಹಾಕಿ ಹಿಂದಕ್ಕೆ ಹೋಗುವಾಗ ಬ್ರೇಕನ್ನು ನಂಬಬೇಡ, ನೀರು ಚುಕ್ಕಾಣಿಯನ್ನು ಒಮ್ಮೆಲೇ ಒಂದು ಕಡೆಗೆ ತಳ್ಳುತ್ತದೆ, ಚಕ್ರವನ್ನು ಕೈಯಲ್ಲೇ ಗಟ್ಟಿಯಾಗಿ ಹಿಡಿ. ಆಟೋ ಪೈಲಟ್ ಹಾಕುವ ಮೊದಲು ಬ್ರೇಕ್ ಬಿಡು, ಇಲ್ಲವಾದರೆ ಮೋಟರ್ ಬ್ರೇಕಿನ ವಿರುದ್ಧ ಎಳೆದು ಸುಟ್ಟುಹೋಗುತ್ತದೆ. ಕಂಬದೊಳಗೆ ಗ್ರೀಸ್ ಹಾಕಲು ಬಂದವರನ್ನು ನನ್ನ ಹತ್ತಿರ ಕಳಿಸು.

ಹುಡುಗ ಸರಿ ಎಂದು, ಟೂಲ್ ಬಾಕ್ಸಿನಲ್ಲಿದ್ದ ಆ ಪ್ಲಯರನ್ನು ತೆಗೆದು ಮಾಮೂ ಕೈಗೇ ಕೊಟ್ಟುಬಿಟ್ಟ.